ನಮ್ಮ ತೋಡಿನಲ್ಲಿ ಹೊಸ ಕಲ್ಲುನೊಣ: ಗುರುತಿಸುವುದರಿಂದ ಹೆಸರಿಡುವವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಯಸ್ವಿನಿ, ಶಿರಿಯ, ತೇಜಸ್ವಿನಿಯಂಥ ಹೊಳೆಗಳಿಗೆ ನೀರು ತರುವ ಸಣ್ಣ ತೋಡುಗಳ ಬದಿಯಲ್ಲಿ ಬದುಕುವವರಿಗಾಗಿ ಬರೆದದ್ದು ಇದು. ಕಾಸರಗೋಡು ಜಿಲ್ಲೆಯ ಪಾಣತ್ತೂರು, ಬಂದಡ್ಕ, ದೇಲಂಪಾಡಿ, ಅಡೂರು, ಮುಳ್ಳೇರಿಯ, ಎಣ್ಮಕಜೆ ಕಡೆಯ ಕಾಲೇಜು ಮಕ್ಕಳು, ಅಧ್ಯಾಪಕರು, ತೋಟದವರು ಕಲ್ಲಿನಡಿ ಕಂಡ ಹುಳದ ಫೋಟೋ ತೋರಿಸಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವಕ್ಕೆ ಒಂದೆರಡು ಸಾಲಿನಲ್ಲಿ ಉತ್ತರ ಮುಗಿಯುತ್ತದೆ, ಕೆಲವಕ್ಕೆ ಮುಗಿಯುವುದಿಲ್ಲ.

ಕಲ್ಲುನೊಣ ಅಂದರೆ ಯಾವುದು? ಅದು ನೊಣವೇ?

ನೊಣವಲ್ಲ. ಮನೆಯ ನೊಣಕ್ಕೆ ರೆಕ್ಕೆ ಎರಡು, ಇದಕ್ಕೆ ನಾಲ್ಕು. ಸ್ಟೋನ್‌ಫ್ಲೈ ಎಂದು ಕರೆಯುವ ಈ ಕೀಟಗಳು ಪ್ಲೆಕಾಪ್ಟೆರಾ ಎಂಬ ಪ್ರತ್ಯೇಕ ಗಣಕ್ಕೆ ಸೇರಿದವು. ಆ ಗಣಕ್ಕೆ 1839ರಲ್ಲಿ ಬುರ್ಮೈಸ್ಟರ್ ಹೆಸರಿಟ್ಟರು. ಕೂತಾಗ ಹಿಂದಿನ ರೆಕ್ಕೆಗಳು ಮಡಚಿಕೊಂಡು ಮುಂದಿನ ರೆಕ್ಕೆಗಳ ಅಡಿಗೆ ಸೇರಿಕೊಳ್ಳುತ್ತವೆ, ನಾಲ್ಕೂ ಬೆನ್ನ ಮೇಲೆ ಚಪ್ಪಟೆಯಾಗಿ ಒರಗುತ್ತವೆ.

ಬದುಕಿನ ಬಹುಪಾಲು ನೀರೊಳಗೇ ಕಳೆಯುತ್ತದೆ. ಮೊಟ್ಟೆ, ಮರಿ, ಪ್ರೌಢ ಕೀಟ, ಹೀಗೆ ಮೂರೇ ಹಂತ. ಚಿಟ್ಟೆಯ ಹಾಗೆ ಗೂಡು ಕಟ್ಟುವ ಕೋಶದ ಹಂತ ಇಲ್ಲ. ಮರಿ ಹತ್ತಾರು ಸಲ ಪೊರೆ ಕಳಚಿ ಬೆಳೆಯುತ್ತದೆ. ಕೊನೆಗೊಂದು ರಾತ್ರಿ ನೀರಿನಿಂದ ಮೇಲೆ ಹತ್ತಿ, ಕಲ್ಲನ್ನು ಹಿಡಿದು ಕೂತು, ಬೆನ್ನು ಬಿರಿದು ರೆಕ್ಕೆಯೊಂದಿಗೆ ಹೊರಬರುತ್ತದೆ. ಆಮೇಲೆ ಬದುಕುವುದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ದಕ್ಷಿಣ ಭಾರತದ ತೊರೆಗಳಲ್ಲಿ ಹೆಚ್ಚು ಕಾಣುವುದು ಪರ್ಲಿಡೇ ಕುಟುಂಬದವು, ಅದರಲ್ಲೂ ನಿಯೊಪೆರ್ಲಾ ಮತ್ತು ಫ್ಯಾನೊಪೆರ್ಲಾ ಕುಲಗಳವು.

ಕಲ್ಲಿನಡಿ ಎಷ್ಟೋ ಹುಳ ಇರುತ್ತವೆ. ಇದೇ ಕಲ್ಲುನೊಣದ ಮರಿ ಎಂದು ಹೇಗೆ ಹೇಳುವುದು?

ಅತಿ ಹೆಚ್ಚು ಗೊಂದಲವಾಗುವುದು ಮೇಫ್ಲೈ ಎಂಬ ಇನ್ನೊಂದು ನೀರಿನ ಕೀಟದ ಮರಿಯೊಂದಿಗೆ. ಮೂರು ಗುರುತು ನೋಡಿ.

ಮೊದಲನೆಯದು ಬಾಲ. ಕಲ್ಲುನೊಣದ ಮರಿಗೆ ಯಾವಾಗಲೂ ಎರಡು, ಮೇಫ್ಲೈಗೆ ಸಾಮಾನ್ಯವಾಗಿ ಮೂರು. ಆದರೆ ಎರಡೇ ಬಾಲದ ಮೇಫ್ಲೈಗಳೂ ಉಂಟು, ಹಾಗಾಗಿ ಬಾಲವೊಂದನ್ನೇ ನಂಬಬೇಡಿ. ಎರಡನೆಯದು ಕಾಲಿನ ತುದಿ. ಭೂತಗನ್ನಡಿ ಹಿಡಿದರೆ ಕಲ್ಲುನೊಣದ ಪ್ರತಿ ಕಾಲಿನಲ್ಲೂ ಎರಡು ಉಗುರು ಕಾಣುತ್ತದೆ, ಮೇಫ್ಲೈಗೆ ಒಂದೇ. ಮೂರನೆಯದು ಕಿವಿರು. ಮೇಫ್ಲೈಗೆ ಅದು ಹೊಟ್ಟೆಯ ಎರಡು ಬದಿಯಲ್ಲಿ ಎಲೆಯಂತೆಯೋ ನೂಲಿನಂತೆಯೋ ಸಾಲಾಗಿರುತ್ತದೆ. ಪರ್ಲಿಡೇ ಕುಟುಂಬದ ಕಲ್ಲುನೊಣಕ್ಕೆ ಎದೆಯ ಕೆಳಭಾಗದಲ್ಲಿ, ಕಾಲಿನ ಬುಡದ ಹತ್ತಿರ, ಬೆಳ್ಳಗಿನ ಕವಲೊಡೆದ ಕುಚ್ಚಾಗಿ ಇರುತ್ತದೆ.

ಒಂದು ಮರಿಯನ್ನು ಬಿಳಿ ತಟ್ಟೆಯಲ್ಲಿ ಸ್ವಲ್ಪ ತೋಡಿನ ನೀರಿಗೆ ಬಿಟ್ಟು ಕೆಲವು ನಿಮಿಷ ನೋಡಿ. ಮೊದಲು ಅಂಚಿಗೆ ಓಡುತ್ತದೆ, ಮರೆ ಹುಡುಕುತ್ತದೆ. ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತ ಬಂದ ಹಾಗೆ ಕಾಲೂರಿ ನಿಂತು ಇಡೀ ಮೈಯನ್ನು ಮೇಲೆ ಕೆಳಗೆ ಆಡಿಸತೊಡಗುತ್ತದೆ, ಥೇಟ್ ಗರಡಿಯಲ್ಲಿ ದಂಡ ಹೊಡೆದ ಹಾಗೆ. ಕಿವಿರಿನ ಸುತ್ತ ನೀರು ಹರಿಯಲಿ ಎಂದು ಅದು ಮಾಡುವ ಪ್ರಯತ್ನ ಅದು. ಅಷ್ಟು ಕಂಡರೆ ಸಾಕು, ತಡಮಾಡದೆ ವಾಪಸು ತೋಡಿಗೆ ಬಿಡಿ. ಈ ಕೀಟಕ್ಕೆ ಹರಿಯುವ ತಣ್ಣೀರೇ ಏಕೆ ಬೇಕು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಬಂದರೆ ಅದು ಏಳೂವರೆಗೆ ಇಳಿಯುತ್ತದೆ. ತೋಡಿನ ಬದಿಯ ಮರ ಕಡಿದು ಬಿಸಿಲು ಬೀಳಿಸಿದರೆ ಆಗುವ ನಷ್ಟ ಇದರಲ್ಲೇ ಇದೆ.

ಕಚ್ಚುತ್ತದೆಯೇ? ಅಡಿಕೆ, ಬಾಳೆಗೆ ತೊಂದರೆ ಕೊಡುತ್ತದೆಯೇ?

ಮನುಷ್ಯರಿಗೂ ಕೃಷಿಗೂ ಯಾವ ತೊಂದರೆಯೂ ಇಲ್ಲ. ಪರ್ಲಿಡೇ ಮರಿಗಳು ನೀರೊಳಗಿನ ಇತರ ಹುಳಗಳನ್ನು ಬೇಟೆಯಾಡುತ್ತವೆ. ಅದೇ ಗಣದ ಬೇರೆ ಕುಟುಂಬದವು ನೀರಿಗೆ ಬಿದ್ದ ಎಲೆ ತಿನ್ನುತ್ತವೆ.

ತೋಡಿನ ಯಾವ ಜಾಗದಲ್ಲಿ, ಯಾವಾಗ ಹುಡುಕಬೇಕು?

ನೀರು ಆಳವಾಗಿ ನಿಂತ ಕಯದಲ್ಲಿ ಅಲ್ಲ, ಮರಳು ತುಂಬಿದ ಜಾಗದಲ್ಲೂ ಅಲ್ಲ. ನೀರು ಕಲ್ಲುಗಳ ನಡುವೆ ನೊರೆಯೆದ್ದು ಹರಿಯುವಲ್ಲಿ, ಅಂಗೈಯಗಲದಿಂದ ತಟ್ಟೆಯಗಲದವರೆಗಿನ ಬಿಡಿಗಲ್ಲು ಇರುವಲ್ಲಿ ನೋಡಿ. ಕಲ್ಲಿನ ಕೆಳಗಡೆ, ಹರಿವಿನ ದಿಕ್ಕಿಗೆ ಒಂದು ಸಣ್ಣ ಬಲೆ ಹಿಡಿದು ಕಲ್ಲು ಎತ್ತಿ. ನೋಡಿದ ಮೇಲೆ ಇದ್ದ ಹಾಗೆಯೇ, ಅದೇ ಮಗ್ಗುಲಿಗೆ ಇಡಿ. ಮಗುಚಿಟ್ಟ ಕಲ್ಲಿನಡಿ ಇದ್ದ ಜೀವಿಗಳು ಬಿಸಿಲಿಗೆ ಬೀಳುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡೆಯ ತೋಡಿಗೆ ಇಳಿಯಬೇಡಿ. ಮೇಲೆ ಕಾಡಿನಲ್ಲಿ ಸುರಿದ ಮಳೆ ಕೆಳಗೆ ಬಿಸಿಲಿರುವಾಗಲೂ ಏಕಾಏಕಿ ನೀರು ತರುತ್ತದೆ. ಅಕ್ಟೋಬರ್-ನವೆಂಬರಿನ ತುಲಾ ಮಳೆಯೂ ಕಳೆದು ನೀರು ತಿಳಿಯಾದ ಮೇಲೆ ಕೆಲಸ ಸುಲಭ.

ಮರಿಯ ಬೆನ್ನ ಮೇಲಿನ ರೆಕ್ಕೆಯ ಮೊಗ್ಗುಗಳನ್ನು ಗಮನಿಸಿ. ಅವು ಉಬ್ಬಿ, ಬಣ್ಣ ಗಾಢವಾಗಿ ಕಪ್ಪಾಗುತ್ತಿದ್ದರೆ ಆ ಮರಿ ಬೇಗನೆ ನೀರಿನಿಂದ ಮೇಲೆ ಬರಲಿದೆ ಎಂದರ್ಥ. ನೀರಿನಿಂದ ಗೇಣುದ್ದ ಮೇಲೆ, ಕಲ್ಲಿಗೆ ಅಂಟಿಕೊಂಡ ಕಂದು ಬಣ್ಣದ ಖಾಲಿ ಪೊರೆ ಕಂಡರೆ ಹಾರಾಟ ಆಗಲೇ ಶುರುವಾಗಿದೆ. ಈ ದಿನಗಳನ್ನು ದೂರದ ಊರಿನಲ್ಲಿರುವ ತಜ್ಞರು ಊಹಿಸಿ ಬಂದು ಹಿಡಿಯುವುದು ಬಹಳ ಕಷ್ಟ. ತೋಡಿನ ಬದಿಯಲ್ಲೇ ಮನೆ ಇರುವವರು ದಿನಾ ಸಂಜೆ ನೋಡಬಲ್ಲರು. ನಮ್ಮ ಕಡೆಯ ಕಲ್ಲುನೊಣಗಳ ಅಧ್ಯಯನಕ್ಕೆ ಇವತ್ತು ಬೇಕಿರುವುದು ಅಂಥ ಕಣ್ಣುಗಳೇ.

ಒಳ್ಳೆಯ ಮರಿಯೊಂದು ಸಿಕ್ಕಿದೆ. ಪುಸ್ತಕದಲ್ಲಿ ಎಲ್ಲೂ ಇಂಥದ್ದಿಲ್ಲ. ಹೊಸ ಪ್ರಭೇದ ಎನ್ನಬಹುದೇ?

ಮರಿಯೊಂದರಿಂದಲೇ ಹೇಳಲು ಬರುವುದಿಲ್ಲ. ಇದು ಹೆಚ್ಚಿನವರಿಗೆ ನಿರಾಸೆ ತರುವ ಉತ್ತರ, ಆದರೂ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಒಂದೇ ಕುಲದ ಬೇರೆ ಬೇರೆ ಪ್ರಭೇದಗಳ ಮರಿಗಳು ನೋಡಲು ಒಂದೇ ತರಹ ಇರುತ್ತವೆ. ಒಂದೇ ಪ್ರಭೇದದ ಎಳೆ ಮರಿ ಮತ್ತು ಬಲಿತ ಮರಿ ಬಣ್ಣದಲ್ಲಿ ಬೇರೆಯಾಗಿ ಕಾಣಬಹುದು. ಪೊರೆ ಕಳಚಿದ ಸ್ವಲ್ಪ ಹೊತ್ತು ಎಲ್ಲವೂ ಬೆಳ್ಳಗಿರುತ್ತವೆ. ಈಗಾಗಲೇ ಹೆಸರಿಟ್ಟ ಪ್ರಭೇದಗಳಲ್ಲಿ ಎಷ್ಟೋ ಪ್ರೌಢ ಕೀಟದಿಂದ ಮಾತ್ರ ಗೊತ್ತು, ಅವುಗಳ ಮರಿ ಯಾವುದೆಂದು ಯಾರೂ ಜೋಡಿಸಿಲ್ಲ. ಹೋಲಿಸಿ ನೋಡಲು ಎದುರಿಗೆ ಏನೂ ಇಲ್ಲದಿರುವಾಗ ಹೊಸದೋ ಹಳೆಯದೋ ಎಂದು ತೀರ್ಮಾನಿಸುವುದು ಹೇಗೆ? ಪ್ರಭೇದದ ಗುರುತು ಇರುವುದು ಪ್ರೌಢ ಗಂಡಿನ ಜನನಾಂಗದಲ್ಲಿ ಮತ್ತು ಹೆಣ್ಣಿನ ಮೊಟ್ಟೆಯಲ್ಲಿ.

ಹಾಗೆಂದು ಮರಿ ನಿಷ್ಪ್ರಯೋಜಕವಲ್ಲ. ಮರಿಯನ್ನು ಸಾಕಿ, ಅದೇ ಮರಿ ಕಳಚಿದ ಪೊರೆ ಮತ್ತು ಅದರಿಂದ ಬಂದ ಪ್ರೌಢ ಕೀಟ ಎರಡನ್ನೂ ಒಂದೇ ಸೀಸೆಯಲ್ಲಿ ಇಟ್ಟರೆ ಅದು ಬಹಳ ಬೆಲೆಯುಳ್ಳ ಮಾದರಿ. ಸಾಕುವುದೆಂದರೆ ದೊಡ್ಡ ಏರ್ಪಾಡೇನೂ ಬೇಡ. ರೆಕ್ಕೆಮೊಗ್ಗು ಕಪ್ಪಾದ ಮರಿಯನ್ನು ಬದಿಗೆ ಬಲೆ ಹೊದಿಸಿದ ಡಬ್ಬಿಯಲ್ಲಿ ಹಾಕಿ, ಅರ್ಧ ಭಾಗ ನೀರಲ್ಲಿ ಮುಳುಗುವಂತೆ ತೋಡಿನಲ್ಲೇ ಕಲ್ಲುಗಳ ನಡುವೆ ಸಿಕ್ಕಿಸಿಡಿ. ಒಳಗೊಂದು ಕಲ್ಲು ನೀರಿನಿಂದ ಮೇಲೆ ಬಂದಿರಬೇಕು, ಹತ್ತಲು. ಒಂದು ಡಬ್ಬಿಗೆ ಒಂದೇ ಮರಿ. ಎರಡು ಹಾಕಿದರೆ ಒಂದು ಇನ್ನೊಂದನ್ನು ತಿಂದೀತು.

ಪ್ರೌಢ ಕೀಟವನ್ನು ಹಿಡಿಯುವುದು ಹೇಗೆ?

ಪರ್ಲಿಡೇ ಕುಟುಂಬದ ಹಲವು ಕೀಟಗಳು ರಾತ್ರಿ ಬೆಳಕಿಗೆ ಬರುತ್ತವೆ. ತೋಡಿನ ಬದಿಯಲ್ಲಿ ಬಿಳಿ ವೇಷ್ಟಿ ಕಟ್ಟಿ, ಅದರ ಮುಂದೆ ದೀಪ ಇಟ್ಟು ಕತ್ತಲಾಗುವಾಗಿನಿಂದ ಎರಡು ಮೂರು ಗಂಟೆ ಕಾಯುವುದು ವಾಡಿಕೆ. ನೇರಳಾತೀತ ಬೆಳಕಿನ ದೀಪವಾದರೆ ಉತ್ತಮ, ಆದರೆ ಅದನ್ನು ದಿಟ್ಟಿಸಬಾರದು. ಬೆಳದಿಂಗಳಿಲ್ಲದ, ಗಾಳಿಯಿಲ್ಲದ, ಸ್ವಲ್ಪ ಸೆಕೆಯ ರಾತ್ರಿಯಾದರೆ ಫಲ ಹೆಚ್ಚು. ತೋಡಿಗೆ ಹತ್ತಿರದ ಮನೆಯವರು ಬೆಳಿಗ್ಗೆ ಚಾವಡಿಯ ದೀಪದ ಕೆಳಗೆ, ಗೋಡೆಯ ಮೂಲೆಯಲ್ಲಿ ಕಣ್ಣಾಡಿಸಿದರೂ ಸಾಕು. ಎಷ್ಟೋ ಸಲ ಬಾಲದ ತುದಿಯಲ್ಲಿ ಮೊಟ್ಟೆಯ ಉಂಡೆ ಹೊತ್ತ ಹೆಣ್ಣು ಅಲ್ಲೇ ಕೂತಿರುತ್ತದೆ.

ಹಗಲಲ್ಲಾದರೆ ತೋಡಿನ ಮೇಲೆ ಬಾಗಿದ ಪೊದೆಗಳ ಕೆಳಗೆ ಕೊಡೆ ಮಗುಚಿ ಹಿಡಿದು ಕೊಂಬೆಗೆ ಕೋಲಿನಿಂದ ಮೆಲ್ಲಗೆ ತಟ್ಟಿ. ಎಲೆಯಡಿ ಕೂತವು ಬೀಳುತ್ತವೆ.

ಕೊಲ್ಲಲೇಬೇಕೇ? ಫೋಟೋ ತೆಗೆದು ಬಿಟ್ಟರೆ ಆಗದೇ?

ಇದನ್ನು ಕೇಳುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಒಂದು ಕೀಟ ಎಲ್ಲಿದೆ, ಯಾವಾಗ ಹಾರುತ್ತದೆ ಎಂದು ದಾಖಲಿಸಲು ಫೋಟೋ ಸಾಕು, ಅದಕ್ಕೆ ಕೊಲ್ಲುವ ಅಗತ್ಯವಿಲ್ಲ. ಆದರೆ ಫೋಟೋ ಮಾತ್ರ ಇಟ್ಟುಕೊಂಡು ಕಲ್ಲುನೊಣದಲ್ಲಿ ಹೊಸ ಪ್ರಭೇದ ಸಾಧಿಸಲಾಗದು. ನೋಡಬೇಕಾದ ಅಂಗ ಹೊಟ್ಟೆಯೊಳಗೆ ಮಡಚಿಕೊಂಡಿರುತ್ತದೆ. ಹೆಸರಿಟ್ಟ ಮೇಲೂ ಮುಂದೆ ಯಾರಿಗಾದರೂ ಸಂಶಯ ಬಂದರೆ ತೆಗೆದು ನೋಡಲು ಆ ಮಾದರಿ ಇರಬೇಕು, ನೂರು ವರ್ಷ ಕಳೆದ ಮೇಲೂ.

ಕೆಲವು ಗಂಡು, ಕೆಲವು ಹೆಣ್ಣು ಸಾಕು. ಬೆಳಕಿಗೆ ಬಂದವನ್ನೆಲ್ಲ ಸೀಸೆಗೆ ತುಂಬುವುದು ತಪ್ಪು. ಬೇಕಾದಷ್ಟು ಸಿಕ್ಕಿದ ಕೂಡಲೇ ದೀಪ ಆರಿಸಿ. ದೀಪದ ಸುತ್ತ ಸುತ್ತುವ ಹೆಣ್ಣುಗಳು ನೀರಿಗೆ ಹೋಗಿ ಮೊಟ್ಟೆ ಇಡಬೇಕಾದವು.

ಹೇಗೆ ಕಾಪಾಡಿಡಬೇಕು?

ಚಿಟ್ಟೆಯ ಹಾಗೆ ಸೂಜಿ ಚುಚ್ಚಿ ಒಣಗಿಸಿದರೆ ಕಲ್ಲುನೊಣದ ಮೆತ್ತಗಿನ ಮೈ ಸುರುಟಿಹೋಗುತ್ತದೆ. 80 ಶೇಕಡಾ ಆಲ್ಕೋಹಾಲಿನಲ್ಲಿ ಇಡಿ. ಡಿಎನ್‌ಎ ಪರೀಕ್ಷೆಗೆಂದು ಒಂದೆರಡನ್ನು 95 ಶೇಕಡಾದ್ದರಲ್ಲಿ ಬೇರೆಯಾಗಿಡಿ. ಶಾಲೆಯ ಪ್ರಯೋಗಾಲಯದಲ್ಲಿ ಸುಲಭವಾಗಿ ಸಿಗುವ ಫಾರ್ಮಲಿನ್ ಬೇಡ. ಅದು ಮೈಯನ್ನು ಸೆಟೆಸುತ್ತದೆ, ಡಿಎನ್‌ಎಯನ್ನೂ ಹಾಳುಮಾಡುತ್ತದೆ.

ಸೀಸೆಯ ಹೊರಗೆ ಅಂಟಿಸಿದ ಚೀಟಿ ಇವತ್ತಲ್ಲ ನಾಳೆ ಬಿದ್ದುಹೋಗುತ್ತದೆ. ಚೀಟಿ ಸೀಸೆಯ ಒಳಗೇ ಇರಬೇಕು, ಪೆನ್ಸಿಲಿನಲ್ಲಿ ಬರೆದಿರಬೇಕು. ಬಾಲ್ ಪೆನ್ನಿನ ಶಾಯಿ ಆಲ್ಕೋಹಾಲಿಗೆ ಬಿಟ್ಟುಕೊಂಡು ಅಳಿಸಿಹೋಗುತ್ತದೆ. ರಾಜ್ಯ, ಜಿಲ್ಲೆ, ಊರು, ತೋಡಿನ ಹೆಸರು, ಫೋನಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಹೇಗೆ ಸಿಕ್ಕಿತು, ಯಾರು ಹಿಡಿದರು, ಇಷ್ಟು ಇರಲಿ. ಚೀಟಿಯಿಲ್ಲದ ಅಪರೂಪದ ಕೀಟಕ್ಕಿಂತ ಚೀಟಿಯಿರುವ ಸಾಮಾನ್ಯ ಕೀಟ ಹೆಚ್ಚು ಉಪಯೋಗದ್ದು.

ಸೂಕ್ಷ್ಮದರ್ಶಕದಡಿ ತಜ್ಞರು ನಿಜವಾಗಿ ಏನನ್ನು ನೋಡುತ್ತಾರೆ?

ಮೊದಲು ತಲೆ. ದೊಡ್ಡ ಕಣ್ಣುಗಳ ನಡುವೆ ಚುಕ್ಕಿಯಂಥ ಸರಳ ಕಣ್ಣುಗಳಿರುತ್ತವೆ. ಹೆಚ್ಚಿನ ಕಲ್ಲುನೊಣಗಳಿಗೆ ಮೂರು. ನಿಯೊಪೆರ್ಲಾಕ್ಕೆ ಎರಡು. 1905ರಲ್ಲಿ ನೀಡ್‌ಹ್ಯಾಮ್ ಹೆಸರಿಟ್ಟ ಈ ಕುಲದಲ್ಲಿ ಈಗ ನೂರಾರು ಪ್ರಭೇದಗಳಿವೆ, ಹೆಚ್ಚಿನವು ಏಷ್ಯಾದವು. ತಲೆಯ ಮೇಲಿನ ಕಪ್ಪು ಮಚ್ಚೆ, ಎದೆಯ ಬಣ್ಣ, ರೆಕ್ಕೆಯ ಉದ್ದ ಎಲ್ಲವನ್ನೂ ಬರೆದುಕೊಳ್ಳುತ್ತಾರೆ, ಆದರೆ ತೀರ್ಮಾನಕ್ಕೆ ಅದನ್ನು ಆಧರಿಸುವುದಿಲ್ಲ.

ಆಮೇಲೆ ಗಂಡಿನ ಹೊಟ್ಟೆಯ ಹಿಂಭಾಗ. ಏಳನೆಯ, ಎಂಟನೆಯ ಖಂಡಗಳ ಬೆನ್ನಿನ ಮೇಲೆ ಏಳುವ ಸಣ್ಣ ಉಬ್ಬು, ಹತ್ತನೆಯ ಖಂಡದಿಂದ ಮುಂದಕ್ಕೆ ಬಾಗಿದ ಜೋಡಿ ಕೊಕ್ಕೆ, ಅವುಗಳ ಮೇಲಿನ ಮುಳ್ಳುಗಳು. ಇಷ್ಟರಿಂದ ಯಾವ ಗುಂಪು ಎಂದು ತಿಳಿಯಬಹುದು. ಪ್ರಭೇದ ತಿಳಿಯಬೇಕಾದರೆ ಶಿಶ್ನವನ್ನು ಹೊರತೆಗೆಯಲೇಬೇಕು. ಅದು ಒಳಮುಖವಾಗಿ ಮಡಚಿಕೊಂಡ ತೆಳ್ಳನೆಯ ಚೀಲ. ಆಗ ತಾನೇ ಸತ್ತ ಗಂಡಿನ ಹೊಟ್ಟೆಯನ್ನು ಬುಡದಿಂದ ತುದಿಯ ಕಡೆಗೆ ಚಿಮಟದಲ್ಲಿ ಮೆಲ್ಲಗೆ ಒತ್ತುತ್ತ ಬಂದರೆ ಚೀಲ ಹೊರಕ್ಕೆ ಮಗುಚಿಕೊಂಡು ತೆರೆಯುತ್ತದೆ. ಆಗ ಅದರ ಮೈಯ ಮುಳ್ಳುಗಳು ಕಾಣುತ್ತವೆ. ಕೆಲವದರಲ್ಲಿ ಸಾಲಾಗಿ, ಕೆಲವದರಲ್ಲಿ ಗುಂಪಾಗಿ, ಕೆಲವದರಲ್ಲಿ ತುದಿಗೆ ಮಾತ್ರ. ಎಷ್ಟು ಮುಳ್ಳು, ಯಾವ ಮಗ್ಗುಲಲ್ಲಿ, ಯಾವ ಗಾತ್ರ, ಚೀಲ ಎತ್ತ ಬಾಗಿದೆ ಎಂಬುದು ಪ್ರತಿ ಪ್ರಭೇದಕ್ಕೂ ಬೇರೆ. ಆಲ್ಕೋಹಾಲಿನಲ್ಲಿ ಸೆಟೆದ ಹಳೆಯ ಮಾದರಿಯಾದರೆ ಹೊಟ್ಟೆಯ ತುದಿಯನ್ನು ಕತ್ತರಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮೆದುಮಾಡಿ, ಅತಿ ಸಣ್ಣ ಕೊಕ್ಕೆಯಿಂದ ಎಳೆದು ತೆಗೆಯಬೇಕಾಗುತ್ತದೆ. ಹಾಗಾಗಿ ಹಿಡಿದ ರಾತ್ರಿಯೇ ಒಂದು ಗಂಡಿಗೆ ಈ ಕೆಲಸ ಮಾಡಿಟ್ಟರೆ ಮುಂದಿನ ಶ್ರಮ ಎಷ್ಟೋ ಉಳಿಯುತ್ತದೆ.

ಮೊಟ್ಟೆಯ ವಿಷಯ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಬರಿಗಣ್ಣಿಗೆ ಮರಳಿನ ಕಣದಷ್ಟು ಕಾಣುವ ಮೊಟ್ಟೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲ್ಮೈ ತುಂಬ ಗೆರೆ, ಏಣು, ಗುಳಿಗಳ ವಿನ್ಯಾಸ. ಒಂದು ತುದಿಯಲ್ಲಿ ನೀರೊಳಗಿನ ಕಲ್ಲಿಗೆ ಅಂಟಿಕೊಳ್ಳುವ ಭಾಗ, ಅದರ ಸುತ್ತ ಕೊರಳಪಟ್ಟಿಯಂಥ ಅಂಚು. ಗಂಡಿನ ವೀರ್ಯಾಣು ಒಳಹೋಗುವ ಅತಿ ಸಣ್ಣ ತೂತುಗಳೂ ಲೆಕ್ಕಕ್ಕೆ ಬರುತ್ತವೆ. ಹೆಣ್ಣುಗಳು ಹೊರನೋಟಕ್ಕೆ ಒಂದೇ ತರಹ ಇದ್ದಾಗ ಪ್ರಭೇದ ಬೇರೆಮಾಡುವುದು ಈ ಮೊಟ್ಟೆಯೇ. ಆದ್ದರಿಂದ ಮೊಟ್ಟೆ ಹೊತ್ತ ಹೆಣ್ಣು ಸಿಕ್ಕಿದರೆ ಉಂಡೆ ಬಿದ್ದುಹೋಗದಂತೆ ಅದೊಂದನ್ನೇ ಪ್ರತ್ಯೇಕ ಸೀಸೆಯಲ್ಲಿ ಹಾಕಿ.

ಈ ಮೊದಲೇ ಯಾರಾದರೂ ಹೆಸರಿಟ್ಟದ್ದಲ್ಲ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಹೊಸ ಪ್ರಭೇದದ ಕೆಲಸದಲ್ಲಿ ಅತಿ ಹೆಚ್ಚು ಸಮಯ ಹಿಡಿಯುವ ಭಾಗ ಇದು. ಏಷ್ಯಾದ ಕಲ್ಲುನೊಣಗಳಲ್ಲಿ ಎಷ್ಟೋ ಪ್ರಭೇದಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತು ಇಪ್ಪತ್ತನೆಯದರ ಮೊದಲಲ್ಲಿ ಹೆಸರಿಟ್ಟವರು ಯುರೋಪ್ ಮತ್ತು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಕೂತವರು. ಆಗಿನ ವಿವರಣೆ ಬಣ್ಣ ಮತ್ತು ರೆಕ್ಕೆಯ ನರಗಳ ಬಗ್ಗೆ ಕೆಲವೇ ಸಾಲು. ಆ ಸಾಲುಗಳಿಗೆ ಹತ್ತಾರು ಪ್ರಭೇದ ಹೊಂದಿಕೊಳ್ಳುತ್ತವೆ. ಮೂಲ ಮಾದರಿಯನ್ನೇ ತೆಗೆದು ಜನನಾಂಗ ನೋಡದೆ ದಾರಿಯಿಲ್ಲ. ಜರ್ಮನಿಯ ಪೀಟರ್ ತ್ಸ್ವಿಕ್ ಅಂಥ ಹಳೆಯ ಮಾದರಿಗಳನ್ನು ಹುಡುಕಿ ಮತ್ತೆ ವಿವರಿಸಿದವರಲ್ಲಿ ಮುಖ್ಯರು. ಫ್ಯಾನೊಪೆರ್ಲಾ ಕುಲವನ್ನು ಅವರು 1982ರಲ್ಲಿ ಪೂರ್ತಿಯಾಗಿ ಪುನರ್ವಿಮರ್ಶೆ ಮಾಡಿದರು.

ನಮ್ಮ ಕಡೆಯವರು ಒಂದು ವಿಷಯ ನೆನಪಿಡಬೇಕು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. 1956ಕ್ಕೂ ಹಿಂದೆ ಇದು ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಹಳೆಯ ಮಾದರಿಯ ಚೀಟಿಯಲ್ಲಿ 'ಸೌತ್ ಕೆನರಾ, ಮದ್ರಾಸ್' ಎಂದಷ್ಟೇ ಇದ್ದರೆ ಅದು ನಮ್ಮ ತೋಡಿನದ್ದೂ ಆಗಿರಬಹುದು. ಕೇರಳದ ಪಟ್ಟಿಯೊಂದನ್ನೇ ನೋಡಿ 'ಇಲ್ಲಿಂದ ಯಾವುದೂ ವರದಿಯಾಗಿಲ್ಲ' ಎಂದುಕೊಂಡರೆ ಎಡವುತ್ತೀರಿ. ಪಯಸ್ವಿನಿ ಹುಟ್ಟುವುದು ಕೊಡಗಿನಲ್ಲಿ, ಸುಳ್ಯ ದಾಟಿ ನಮ್ಮಲ್ಲಿಗೆ ಬರುತ್ತದೆ. ಹಾಗಾಗಿ 'ಕೂರ್ಗ್' ಎಂಬ ಚೀಟಿಯ ಮಾದರಿಗಳನ್ನೂ ಹೋಲಿಸಿಯೇ ಮುಂದುವರಿಯಬೇಕು. ಕೀಟಕ್ಕೆ ರಾಜ್ಯದ ಗಡಿ ಲೆಕ್ಕವಿಲ್ಲ, ಹೊಳೆಯ ಕಣಿವೆಯೇ ಲೆಕ್ಕ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಒಂದೇ ದಿನದಲ್ಲಿ ತೀರ್ಮಾನವಾಗುವುದಿಲ್ಲವೇ?

ಆಗುವುದಿಲ್ಲ, ಆದರೆ ತುಂಬ ಸಹಾಯವಾಗುತ್ತದೆ. ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಸಿಒಐ ಎಂಬ ವಂಶವಾಹಿಯ 658 ಅಕ್ಷರಗಳ ಒಂದು ತುಣುಕನ್ನು ಓದಿ ಹೋಲಿಸುತ್ತಾರೆ. ಅದಕ್ಕೆ ಕೀಟದ ಒಂದು ಕಾಲು ಸಾಕು. ಅದರಿಂದ ನಿಮ್ಮ ಮರಿಯೂ ದೀಪಕ್ಕೆ ಬಂದ ಪ್ರೌಢ ಕೀಟವೂ ಒಂದೇ ಎಂದು ತೋರಿಸಬಹುದು. ಗಂಡಿಗೂ ಹೆಣ್ಣಿಗೂ ನಂಟು ಜೋಡಿಸಬಹುದು. ಆದರೆ ಹೋಲಿಸಬೇಕಾದ ಹಳೆಯ ಪ್ರಭೇದಗಳ ಡಿಎನ್‌ಎ ಸಂಗ್ರಹದಲ್ಲಿ ಇಲ್ಲದಿದ್ದರೆ 'ಯಾವುದಕ್ಕೂ ಹೊಂದುತ್ತಿಲ್ಲ' ಎಂಬ ಉತ್ತರ ಬರುತ್ತದೆ. 'ಹೊಂದುತ್ತಿಲ್ಲ' ಎಂದರೆ 'ಹೊಸದು' ಎಂದಲ್ಲ. ಎರಡೂ ಕೆಲಸ ಜತೆಗೇ ನಡೆಯಬೇಕು.

ಹೆಸರು ಯಾರು ಇಡಬಹುದು? ನಮ್ಮೂರಿನ ಹೆಸರು ಇಡಬಹುದೇ?

ವಿವರಣೆ ಬರೆದು ಪ್ರಕಟಿಸುವವರು ಇಡುತ್ತಾರೆ. ಪ್ರಾಣಿಗಳ ಹೆಸರಿಗೆ ಅಂತಾರಾಷ್ಟ್ರೀಯ ನಿಯಮಾವಳಿ ಇದೆ. ಈಗಿರುವ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಹೆಸರಿಗೆ ಎರಡು ಭಾಗ, ಕುಲ ಮತ್ತು ಪ್ರಭೇದ, ಎರಡೂ ಲ್ಯಾಟಿನ್ ಅಕ್ಷರಗಳಲ್ಲಿ. ಊರಿನ ಹೆಸರಿಗೆ 'ಎನ್ಸಿಸ್' ಎಂಬ ಕೊನೆ ಸೇರಿಸುವುದು ರೂಢಿ. ಹೊಳೆಯ ಹೆಸರು, ಗುಡ್ಡೆಯ ಹೆಸರು, ಕನ್ನಡ ತುಳು ಪದಗಳು ಎಲ್ಲಕ್ಕೂ ಅವಕಾಶವಿದೆ. ಮಾದರಿ ಹಿಡಿದುಕೊಟ್ಟ ಊರಿನವರ ಹೆಸರನ್ನೂ ಇಡಬಹುದು. ಆದರೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಸಭ್ಯತೆಯಲ್ಲ, ಸಾಮಾನ್ಯವಾಗಿ ಯಾರೂ ಹಾಗೆ ಮಾಡುವುದಿಲ್ಲ.

ಒಂದೇ ಒಂದು ಮಾದರಿಯನ್ನು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಮಾದರಿ, ಎಂದು ಸ್ಪಷ್ಟವಾಗಿ ಹೇಳಬೇಕು, ಅದನ್ನು ಯಾವ ಸಂಗ್ರಹದಲ್ಲಿ ಇಡಲಾಗಿದೆ ಎಂದೂ ಬರೆಯಬೇಕು. ಅದಿಲ್ಲದಿದ್ದರೆ ಹೆಸರಿಗೆ ಮಾನ್ಯತೆ ಇಲ್ಲ. ಅಂತರಜಾಲದಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿಯೂ ಆಗಬೇಕು. ದಿನಪತ್ರಿಕೆಯಲ್ಲೋ ವಾಟ್ಸಾಪಿನಲ್ಲೋ ಹೆಸರು ಮೊದಲೇ ಬಂದುಬಿಟ್ಟರೆ ಅದು ಹೆಸರಾಗುವುದಿಲ್ಲ, ಗೊಂದಲ ಮಾತ್ರ ಉಳಿಯುತ್ತದೆ. ಸಂತೋಷ ಹಂಚಿಕೊಳ್ಳುವ ಆತುರ ಸಹಜ. ಲೇಖನ ಪ್ರಕಟವಾಗುವವರೆಗೆ ತಡೆದುಕೊಳ್ಳಿ.

ಕಾನೂನು ಏನು ಹೇಳುತ್ತದೆ? ಕಾಡಿಗೆ ಹೋಗಿ ಹಿಡಿಯಬಹುದೇ?

ನಿಮ್ಮ ತೋಟದ ತೋಡಿನಲ್ಲಿ ನೋಡಲು, ಫೋಟೋ ತೆಗೆಯಲು ಅಡ್ಡಿಯಿಲ್ಲ. ರಕ್ಷಿತಾರಣ್ಯದಲ್ಲಾಗಲಿ ಅಭಯಾರಣ್ಯದಲ್ಲಾಗಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಹುಳವನ್ನೂ ತೆಗೆಯಬಾರದು. ರಾಣಿಪುರಂ ಗುಡ್ಡೆಯ ಒಂದು ಮಗ್ಗುಲು ಕೇರಳದ ಕಾಡು, ಆಚೆ ಕರ್ನಾಟಕದ ತಲಕಾವೇರಿ ವನ್ಯಜೀವಿ ಧಾಮ, 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಏರು ಹತ್ತುತ್ತ ಯಾವಾಗ ಗಡಿ ದಾಟಿದಿರಿ ಎಂದು ಗೊತ್ತಾಗುವುದಿಲ್ಲ. ಎರಡೂ ರಾಜ್ಯಗಳ ಅನುಮತಿ ಬೇರೆ ಬೇರೆ.

ಜೀವವೈವಿಧ್ಯ ಕಾಯ್ದೆ, 2002ರ 39ನೆಯ ವಿಧಿಯಂತೆ ಹೊಸ ಪ್ರಭೇದ ಕಂಡುಹಿಡಿದವರು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಬೇಕು. ಪ್ರಾಣಿಗಳ ಮಟ್ಟಿಗೆ ಅಂಥ ಮುಖ್ಯ ಭಂಡಾರ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ. 1916ರಲ್ಲಿ ಆರಂಭವಾದ ಅದರ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. ನಮಗೆ ಹತ್ತಿರದ್ದು ಕೋಯಿಕ್ಕೋಡಿನ ಪಶ್ಚಿಮ ಘಟ್ಟ ಪ್ರಾದೇಶಿಕ ಕೇಂದ್ರ. ಪರಿಚಯದವರು ವಿದೇಶದಲ್ಲಿದ್ದಾರೆ ಎಂದು ಅಂಚೆಯಲ್ಲಿ ಮಾದರಿ ಕಳಿಸಿಬಿಡುವುದು ಕಾನೂನಿನ ತೊಡಕಿಗೆ ದಾರಿ.

ಒಟ್ಟು ಎಷ್ಟು ಕಾಲ ಹಿಡಿಯುತ್ತದೆ?

2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ ಎಲ್ಲ ಬಗೆಯ ಜೀವಿಗಳನ್ನು ಸೇರಿಸಿ ಲೆಕ್ಕ ಹಾಕಿತ್ತು. ಮಾದರಿಯೊಂದು ಮೊದಲು ಸಂಗ್ರಹವಾದಾಗಿನಿಂದ ಹೊಸ ಪ್ರಭೇದ ಎಂದು ವಿವರಣೆಯಾಗುವವರೆಗೆ ಸರಾಸರಿ 21 ವರ್ಷ. ಕಪಾಟಿನಲ್ಲಿ ಕೂತ ಸೀಸೆಗಳನ್ನು ತೆರೆದು ನೋಡುವವರು ಅಷ್ಟು ಕಡಿಮೆ. ಗಂಡು, ಹೆಣ್ಣು, ಮೊಟ್ಟೆ, ಮರಿ, ಸರಿಯಾದ ಚೀಟಿ ಎಲ್ಲವೂ ಒಟ್ಟಿಗೆ ಸಿಕ್ಕರೆ ಕೆಲಸ ಎಷ್ಟೋ ಬೇಗ ಆಗುತ್ತದೆ. ಒಂಟಿ ಹೆಣ್ಣು ಮಾತ್ರ ಇದ್ದರೆ ಗಂಡು ಸಿಗುವವರೆಗೆ ಕಾಯಬೇಕಾಗುತ್ತದೆ.

ನಮ್ಮ ತೋಡು ಮಾರ್ಚ್‌ಗೆ ಬತ್ತುತ್ತದೆ. ಅಲ್ಲಿ ಹುಡುಕಿ ಪ್ರಯೋಜನವಿದೆಯೇ?

ಇದೆ. ಕೆಲವು ಕಲ್ಲುನೊಣಗಳು ಒಣಗಿದ ಕಾಲವನ್ನು ಮೊಟ್ಟೆಯ ರೂಪದಲ್ಲಿ ಕಳೆಯುತ್ತವೆ. ಕೆಲವು ತೋಡಿನ ತಳದ ಕಲ್ಲುಮರಳಿನ ಒಳಗೆ ತೇವವಿರುವಲ್ಲಿಗೆ ಇಳಿಯುತ್ತವೆ. ವರ್ಷವಿಡೀ ನೀರಿರುವ ತೋಡಿನಲ್ಲಿ ಸಾಧ್ಯತೆ ಹೆಚ್ಚು, ಅಷ್ಟೇ.

ಅಡಿಕೆ ತೋಟ, ಕಟ್ಟ, ಬೋರ್ಡೋ ಮದ್ದು... ನಾವು ಮಾಡುವ ಕೃಷಿಯಿಂದ ಇವಕ್ಕೆ ಹಾನಿಯೇ?

ಕೆಲವು ಹೌದು, ಕೆಲವು ಅಲ್ಲ.

ಮಳೆಗಾಲ ಮುಗಿದ ಮೇಲೆ ತೋಡಿಗೆ ಕಲ್ಲು, ಮಣ್ಣು, ಅಡಿಕೆ ಮರದಿಂದ ಹಾಕುವ ಕಟ್ಟವನ್ನು ನಾನು ದೂರುವುದಿಲ್ಲ. ಕಟ್ಟದ ಹಿಂದೆ ನೀರು ನಿಂತಷ್ಟು ಜಾಗ ಕಲ್ಲುನೊಣಕ್ಕೆ ತಾತ್ಕಾಲಿಕವಾಗಿ ಇಲ್ಲವಾಗುವುದು ನಿಜ. ಆದರೆ ಆ ನೀರು ನೆಲಕ್ಕಿಳಿದು ಕೆಳಗಿನ ತೋಡನ್ನು ಹೆಚ್ಚು ದಿನ ಹರಿಯಗೊಡುತ್ತದೆ. ಮಳೆಗಾಲಕ್ಕೆ ಕಟ್ಟ ಬಿಚ್ಚಿದರೆ ತೋಡು ಮತ್ತೆ ಮೊದಲಿನಂತಾಗುತ್ತದೆ. ಸಾಲು ಸಾಲು ಕಟ್ಟಗಳ ನಡುವೆ ಕಲ್ಲಿನ ಹರಿವು ಸ್ವಲ್ಪ ಸ್ವಲ್ಪ ಉಳಿಸಿಕೊಂಡರೆ ಇನ್ನೂ ಒಳ್ಳೆಯದು. ವರ್ಷವಿಡೀ ನೀರು ತಡೆದು ಹೂಳು ತುಂಬುವ ಕಾಂಕ್ರೀಟ್ ತಡೆಗಳ ವಿಷಯ ಬೇರೆ.

ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿರುವ ತಾಮ್ರ ನೀರಿನ ಕೀಟಗಳಿಗೆ ವಿಷ. ಕೊಳೆರೋಗಕ್ಕೆ ಮದ್ದು ಬಿಡುವುದನ್ನು ನಿಲ್ಲಿಸಿ ಎಂದು ಅಡಿಕೆಯನ್ನೇ ನಂಬಿದವರಿಗೆ ಹೇಳಲಾಗದು. ಹೇಳಬಹುದಾದದ್ದು ಇಷ್ಟು: ಡ್ರಮ್ಮು, ಪಂಪು, ಪೈಪುಗಳನ್ನು ತೋಡಿನಲ್ಲಿ ತೊಳೆಯಬೇಡಿ. ಉಳಿದ ದ್ರಾವಣವನ್ನು ತೋಡಿಗೆ ಚೆಲ್ಲಬೇಡಿ. ತೋಟದ ಮೇಲಿನ ತುದಿಯಲ್ಲಿ ಒಂದು ಗುಂಡಿ ತೋಡಿ ಅಲ್ಲಿ ತೊಳೆಯಿರಿ. ಬ್ಲೀಚಿಂಗ್ ಪೌಡರ್ ಹಾಕಿ ಅಥವಾ ತೋಟೆ ಸಿಡಿಸಿ ಮೀನು ಹಿಡಿಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಒಂದು ಹೊತ್ತಿನ ಸಾರಿಗಾಗಿ ಅಷ್ಟು ದೂರದ ಸಣ್ಣ ಜೀವಿಗಳೆಲ್ಲ ನಾಶವಾಗುತ್ತವೆ. ಗುಡ್ಡೆ ಕಡಿದು ಬಿಟ್ಟ ಸಡಿಲು ಮಣ್ಣು, ಕೋರೆಗಳ ಕೆಸರು ಮಳೆಯಲ್ಲಿ ಇಳಿದು ಬಂದು ಕಲ್ಲುಗಳ ನಡುವಿನ ಸಂದುಗಳನ್ನು ತುಂಬುತ್ತದೆ. ಆ ಸಂದೇ ಮರಿಗಳ ಮನೆ.

ಎಂಡೋಸಲ್ಫಾನ್ ಹೆಸರು ಹೇಳದೆ ನಮ್ಮ ತೋಡುಗಳ ಮಾತು ಮುಗಿಸಲಾರೆ. 1970ರ ದಶಕದ ಕೊನೆಯಿಂದ 2000ದವರೆಗೆ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದರು. ಎಣ್ಮಕಜೆ, ಪಡ್ರೆಯ ಜನ ಅನುಭವಿಸಿದ್ದು ಲೋಕಕ್ಕೇ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ನಿಷೇಧಿಸಿತು. ಮೀನಿಗೂ ನೀರಿನ ಕೀಟಕ್ಕೂ ಅದು ಅತಿ ಕಡಿಮೆ ಪ್ರಮಾಣದಲ್ಲೇ ಮಾರಕ. ಹೆಸರಿಲ್ಲದ ಕೀಟ ಒಂದು ತೋಡಿನಿಂದ ಇಲ್ಲವಾದರೆ ಯಾವ ಪಟ್ಟಿಯಲ್ಲೂ ಗೀಟು ಬೀಳುವುದಿಲ್ಲ, ಯಾವ ಪರಿಹಾರದ ಅರ್ಜಿಯಲ್ಲೂ ಬರೆಯಲಾಗುವುದಿಲ್ಲ. ಹೆಸರಿಡುವ ಕೆಲಸವನ್ನು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಹೊಸದಲ್ಲ ಎಂದಾದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥವೇ?

ಖಂಡಿತ ಅಲ್ಲ. ಪ್ರಪಂಚದಾದ್ಯಂತ ತೊರೆಯ ನೀರಿನ ಗುಣ ಅಳೆಯಲು ಮೇಫ್ಲೈ, ಕಲ್ಲುನೊಣ, ಕ್ಯಾಡಿಸ್‌ಫ್ಲೈ ಈ ಮೂರು ಗುಂಪನ್ನು ಲೆಕ್ಕ ಹಾಕುತ್ತಾರೆ. ಬ್ರಿಟನ್ನಿನಲ್ಲಿ ರೂಪಿಸಿದ ಒಂದು ಅಂಕಪದ್ಧತಿಯಲ್ಲಿ ಪರ್ಲಿಡೇ ಕುಟುಂಬಕ್ಕೆ ಹತ್ತಕ್ಕೆ ಹತ್ತು, ಅಂದರೆ ಅದು ಇದ್ದರೆ ನೀರು ಚೆನ್ನಾಗಿದೆ ಎಂದರ್ಥ. ಹಳೆಯ ಪ್ರಭೇದವೇ ಆದರೂ ನಿಮ್ಮ ತೋಡಿನಲ್ಲಿ ಅದು ಇದೆ ಎಂಬ ದಾಖಲೆ ಪಂಚಾಯತಿನ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಬೇಕು. ನಾಳೆ ಅದೇ ತೋಡಿನ ಮೇಲ್ಭಾಗದಲ್ಲಿ ಕೋರೆಗೆ ಅರ್ಜಿ ಬಂದರೆ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ಸಿಕ್ಕಿದ್ದನ್ನು ಯಾರಿಗೆ ತೋರಿಸಬೇಕು, ಹೇಗೆ ಬರೆಯಬೇಕು?

ಮೊದಲು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ. ಅಲ್ಲಿ ಸೂಕ್ಷ್ಮದರ್ಶಕ, ಆಲ್ಕೋಹಾಲ್ ಎರಡೂ ಇರುತ್ತವೆ. ಅಲ್ಲಿಂದ ಕೋಯಿಕ್ಕೋಡಿನ ಪ್ರಾಣಿ ಸರ್ವೇಕ್ಷಣ ಕೇಂದ್ರಕ್ಕೆ ಬರೆಯಬಹುದು. ಜಾಲತಾಣಕ್ಕೆ ಹಾಕುವುದಾದರೆ ಐನ್ಯಾಚುರಲಿಸ್ಟ್‌ನಲ್ಲಿ ಹಾಕಿ. ಜಾಗ, ದಿನಾಂಕ ಫೋಟೋದೊಂದಿಗೇ ಉಳಿಯುತ್ತದೆ.

ಫೋಟೋ ನಾಲ್ಕು ಬೇಕು. ಮೇಲಿನಿಂದ ಇಡೀ ಮೈ, ಕೆಳಗಿನಿಂದ ಇಡೀ ಮೈ, ತಲೆ ಹತ್ತಿರದಿಂದ, ಹೊಟ್ಟೆಯ ತುದಿ ಹತ್ತಿರದಿಂದ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ತೋಡಿನದ್ದೂ ಒಂದು ಫೋಟೋ ತೆಗೆಯಿರಿ, ಮರದ ನೆರಳು, ಕಲ್ಲುಗಳ ಗಾತ್ರ ಕಾಣುವ ಹಾಗೆ. ಪತ್ರದಲ್ಲಿ 'ಹೊಸ ಪ್ರಭೇದ ಸಿಕ್ಕಿದೆ' ಎಂದು ಬರೆಯಬೇಡಿ. 'ಇಂಥ ತೋಡಿನಲ್ಲಿ, ಇಂಥ ದಿನ, ಇಷ್ಟು ಗಂಡು, ಇಷ್ಟು ಹೆಣ್ಣು, ಮೊಟ್ಟೆ ಇದೆ, ಆಲ್ಕೋಹಾಲಿನಲ್ಲಿ ಇಟ್ಟಿದ್ದೇವೆ, ಮತ್ತೆ ಬೇಕಾದರೆ ತೆಗೆದುಕೊಡಬಲ್ಲೆವು' ಎಂದು ಬರೆಯಿರಿ. ಅಂಥ ಪತ್ರಕ್ಕೆ ಉತ್ತರ ಬರುತ್ತದೆ.